ಜಾಮೀನು ಪಡೆದು ದೇಶ ಬಿಟ್ಟವನಿಗೆ ಕನ್ನಡದಲ್ಲಿ ಏನನ್ನುವುದು?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಮಂಡ್ಯದಲ್ಲಿ ವಕೀಲಿ ಮಾಡುವವನು. ಜಾಮೀನಿಗೆ ನಿಲ್ಲುವ ಹಳ್ಳಿಯ ಜನರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಮಾದಕವಸ್ತು ಮೊಕದ್ದಮೆಯಲ್ಲಿ ಜಾಮೀನು ಪಡೆದು, ಒಂದೆರಡು ವಾಯಿದೆಗೆ ಹಾಜರಾಗಿ, ಆಮೇಲೆ ವಿಮಾನ ಹತ್ತಿ ಹೊರದೇಶ ಸೇರಿದ ಆರೋಪಿಯನ್ನು ಅದರಲ್ಲಿ ಏನೆಂದು ಬರೆಯಲಿ ಎನ್ನುವುದು ನನ್ನ ಪ್ರಶ್ನೆ.

ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವ ಮಾತು ‘ಪರಾರಿ’. ಅರಬ್ಬಿಯ ಫಿರಾರ್, ಪಾರಸಿಯ ಫರಾರಿ ನಮ್ಮಲ್ಲಿಗೆ ಬಂದು ಪರಾರಿಯಾಗಿದೆ. ಸರ ಕಿತ್ತುಕೊಂಡು ಬೈಕಿನಲ್ಲಿ ಹೋದವನೂ ಪರಾರಿ, ದಾಳಿಯ ಹೊತ್ತಿಗೆ ಹಿತ್ತಲ ಬಾಗಿಲಿಂದ ಜಿಗಿದವನೂ ಪರಾರಿ. ಆದರೆ ಜಾಮೀನಿನ ಮೇಲಿದ್ದವನು ಯಾರ ಕೈಯಿಂದಲೂ ಬಿಡಿಸಿಕೊಂಡು ಓಡಿದವನಲ್ಲ, ಮಾತು ಪಡೆದು ನ್ಯಾಯಾಲಯವೇ ಹೊರಗೆ ಬಿಟ್ಟವನು. ‘ತಲೆಮರೆಸಿಕೊಂಡ’ ಎಂಬುದೂ ಪೂರ್ತಿ ಒಪ್ಪುವುದಿಲ್ಲ, ಬೇರೆ ದೇಶದಲ್ಲಿ ರಾಜಾರೋಷವಾಗಿ ಅಂಗಡಿ ಇಟ್ಟುಕೊಂಡು ಕೂತವನು ತಲೆ ಮರೆಸಿಕೊಂಡದ್ದೆಲ್ಲಿ ಬಂತು? ‘ದೇಶಭ್ರಷ್ಟ’ ಅಂತೂ ನನಗೆ ಸುತರಾಂ ಹಿಡಿಸದು. ಸಾಲ ಬಾಕಿ ಉಳಿಸಿ ಲಂಡನ್ ಸೇರಿದ ಉದ್ಯಮಿಗಳ ಸುದ್ದಿಯಲ್ಲಿ ಈ ಪದ ಚಾಲ್ತಿಗೆ ಬಂತು. ಭ್ರಷ್ಟ ಎಂದರೆ ಜಾರಿದವನು, ಬಿದ್ದವನು. ನೆಲ ಕಳೆದುಕೊಂಡವನ ಬಗ್ಗೆ ಮರುಕ ಹುಟ್ಟಿಸುವ ಆ ಪದವನ್ನು ಟಿಕೆಟ್ ಕೊಂಡು ಹೋದವನಿಗೆ ಕೊಡುವುದು ತಪ್ಪು.

ಇದು ಬರೀ ಪದಕೋಶದ ಮಾತಲ್ಲ. 2025ರ ಜುಲೈನಲ್ಲಿ ಮುಂಬೈ ಪೊಲೀಸರು ಬಂದು ಮೈಸೂರಿನಲ್ಲೇ ಮೆಫೆಡ್ರೋನ್ ಎಂಬ ಮಾದಕವಸ್ತು ತಯಾರಿಸುತ್ತಿದ್ದ ಜಾಗವನ್ನು ಪತ್ತೆ ಹಚ್ಚಿದ ಮೇಲೆ ‘ಎನ್‌ಡಿಪಿಎಸ್ ಕೇಸು’ ಎಂಬ ಮಾತು ಟೀ ಅಂಗಡಿಗಳಲ್ಲೂ ಕೇಳುತ್ತಿದೆ. ಮಾದಕವಸ್ತುಗಳ ಮೇಲಿನ 1985ರ ಆ ಕಾಯ್ದೆಯ 37ನೇ ಕಲಮಿನ ಪ್ರಕಾರ, ವಾಣಿಜ್ಯ ಪ್ರಮಾಣದ ಮಾಲು ಸಿಕ್ಕಿದ್ದರೆ (ಗಾಂಜಾ ಆದರೆ 20 ಕಿಲೋಗಿಂತ ಹೆಚ್ಚು) ಸುಲಭಕ್ಕೆ ಜಾಮೀನಿಲ್ಲ; ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆಯೆಂದು ನ್ಯಾಯಾಧೀಶರಿಗೇ ಅನ್ನಿಸಬೇಕು. ಆದರೆ ಅಂಥ ಮೊಕದ್ದಮೆಯಲ್ಲೂ 180 ದಿನದೊಳಗೆ ದೋಷಾರೋಪ ಪಟ್ಟಿ ಬಾರದೆ, ನ್ಯಾಯಾಲಯ ಅವಧಿಯನ್ನೂ ವಿಸ್ತರಿಸದಿದ್ದರೆ ಜಾಮೀನು ಅವನ ಹಕ್ಕು. ಹೊರಗೆ ಬಂದವನ ಬೆನ್ನಿಗೆ ಹಗಲೂ ರಾತ್ರಿ ಕಣ್ಣಿಡುವಂತೆಯೂ ಇಲ್ಲ: ಗೂಗಲ್ ಮ್ಯಾಪಿನಲ್ಲಿ ಇರುವ ಜಾಗ ತೋರಿಸುತ್ತಿರಬೇಕೆಂಬ ಷರತ್ತು ಸಲ್ಲದೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ, ಮಾದಕವಸ್ತು ಮೊಕದ್ದಮೆಯೊಂದರಲ್ಲೇ ಹೇಳಿತು. ಸರಿಯಾದ ತೀರ್ಪು. ಹಾಗಾದ ಮೇಲೆ ಉಳಿಯುವುದು ಪಾಸ್‌ಪೋರ್ಟು, ಮುಚ್ಚಳಿಕೆ, ಮತ್ತು ಜಾಮೀನಿಗೆ ನಿಂತ ಮನುಷ್ಯ.

ಆ ಮನುಷ್ಯನನ್ನು ನಮ್ಮ ಕೋರ್ಟಿನಲ್ಲಿ ನೋಡಬೇಕು. ಪಹಣಿ, ಕಂದಾಯದ ರಸೀತಿ, ಆಧಾರ್ ಜೆರಾಕ್ಸ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಬೆಳಗಿನಿಂದ ಕಾದಿರುತ್ತಾನೆ. ಹೆಸರು ಕೂಗಿದಾಗ ಚಪ್ಪಲಿ ಬಿಟ್ಟು ಒಳಗೆ ಬರುತ್ತಾನೆ. “ವಾಯಿದೆ ವಾಯಿದೆಗೂ ಇವನನ್ನ ಕರ್ಕೊಂಡು ಬರ್ತೀಯೇನಪ್ಪಾ?” ಎಂದರೆ “ಕರ್ಕಬತ್ತೀನಿ ಸ್ವಾಮಿ” ಅನ್ನುತ್ತಾನೆ. ಅಷ್ಟೇ. ಆರೋಪಿ ಬಾರದಿದ್ದರೆ ಮುಚ್ಚಳಿಕೆ ಮುಟ್ಟುಗೋಲಾಗಿ, ದಂಡ ಕಟ್ಟು, ಇಲ್ಲವೇ ಕಾರಣ ಹೇಳು ಎಂಬ ನೋಟೀಸು ಈ ಮನೆಗೆ ಬರುತ್ತದೆ. ಕಟ್ಟದಿದ್ದರೆ ಜಮೀನಿನವರೆಗೂ ಬರಬಹುದು. ‘ಆರೋಪಿ ವಿದೇಶಕ್ಕೆ ಪರಾರಿ’ ಎಂಬ ತಲೆಬರಹದಲ್ಲಿ ಇವನ ಸುಳಿವೇ ಇರುವುದಿಲ್ಲ.

ಪಾರಸಿಯಲ್ಲಿ ಜಾಮೀನು ಎಂದರೆ ಹೊಣೆ ನಿಂತ ಆಸಾಮಿಯೇ. ಹಿಂದಿಯಲ್ಲಿ ಬಿಡುಗಡೆಗೆ ಜಮಾನತ್, ಆಸಾಮಿಗೆ ಜಾಮಿನ್ ಎಂದು ಎರಡೂ ಉಳಿದಿವೆ. ನಾವು ಎರಡಕ್ಕೂ ಒಂದೇ ಪದ ಇಟ್ಟುಕೊಂಡೆವು, ‘ಜಾಮೀನು ಸಿಕ್ತು’ ಎಂದರೆ ‘ಕೇಸು ಬಿಟ್ಟೋಯ್ತು’ ಎಂದೇ ಎಷ್ಟೋ ಜನ ತಿಳಿದಿದ್ದಾರೆ. ನಮ್ಮದೇ ಆದ ‘ಹೊಣೆ’, ಹಳಗನ್ನಡದ ಪೊಣೆ, ಈ ಅರ್ಥದ್ದೇ ಪದ. ಅದನ್ನು ಹಿಡಿದು ‘ಹೊಣೆ ಮುರಿದ ಆರೋಪಿ’ ಎಂದು ಬರೆದು ನೋಡಿದ್ದೇನೆ. ಊರಿನವರು ಆಡುವ ‘ಜಾಮೀನು ನಿಂತೋನಿಗೆ ಕೈಕೊಟ್ಟು ಹೋದ’ ಇನ್ನೂ ನೇರವಾಗಿದೆ, ಆದರೆ ಕಾಗದದ ಮೇಲೆ ಉದ್ದವಾಯಿತು.

ಇನ್ನೊಂದು ಮಾತು. ಹೀಗೆ ಹೋದವನ ಮೇಲೆ ‘ಇಂಥ ದಿನ ಹಾಜರಾಗು’ ಎಂಬ ನ್ಯಾಯಾಲಯದ ಉದ್ಘೋಷಣೆ ಹೊರಟು, ಆಗಲೂ ಅವನು ಬಾರದಿದ್ದರೆ ನಾವು ‘ಘೋಷಿತ ಅಪರಾಧಿ’ ಎನ್ನುತ್ತೇವೆ. ವಿಚಾರಣೆಯೇ ಮುಗಿಯದವನನ್ನು ಅಪರಾಧಿ ಎಂದರೆ ಓದುವವರು ತೀರ್ಪೇ ಬಂತೆಂದು ತಿಳಿಯುತ್ತಾರೆ. ಕಾನೂನಿನ ಇಂಗ್ಲಿಷ್ ಮಾತಿನಲ್ಲೇ (‘ಪ್ರೊಕ್ಲೇಮ್ಡ್ ಅಫೆಂಡರ್’) ಆ ತೊಡಕಿದೆ ನಿಜ, ನಾವೂ ಅದನ್ನು ಹೊತ್ತು ತರಬೇಕಿಲ್ಲ. ‘ಘೋಷಿತ ಆರೋಪಿ’ ಎಂದರೆ ಕಾನೂನಿನ ಅರ್ಥಕ್ಕೆ ಧಕ್ಕೆಯಾಗುವುದೇ?

ಹಳೇ ಮೈಸೂರು ಸಂಸ್ಥಾನದ ಅಮಲ್ದಾರರ ಕಾಗದಪತ್ರ ಓದಿದವರು ಈ ಬಳಗದಲ್ಲಿದ್ದೀರಿ. ಹೊಣೆ ಕೊಟ್ಟು ಸೀಮೆ ದಾಟಿದವನಿಗೆ ಅಲ್ಲಿ ಯಾವ ಮಾತು ಬಳಸಿದ್ದಾರೆ, ದಯವಿಟ್ಟು ವಾಕ್ಯದ ಸಮೇತ ತಿಳಿಸಿ. ಧಾರವಾಡ, ಕಲಬುರಗಿ ಕಡೆಯ ಕೋರ್ಟುಗಳ ಆಡುಮಾತೂ ಬೇಕು.