ತೋಟದ ಕಟ್ಟೆ: ತೂಬಿನ ಪಕ್ಕ ತೇವ, ಏರಿ ಮೇಲೆ ಜಾಲಿ. ಮಳೆಗಾಲಕ್ಕೆ ಮುಂಚೆ ಏನು ಮಾಡಬೇಕು?

ಹೊಸದುರ್ಗ_ತೋಟ:
ಹೊಸದುರ್ಗದ ಹತ್ತಿರ ಸ್ವಂತ ಜಮೀನಿನಲ್ಲಿ ಮಣ್ಣಿನ ಕಟ್ಟೆ ಇದೆ. ಏರಿ ಎತ್ತರ 15 ಅಡಿ, ಉದ್ದ 250 ಅಡಿ, ತುಂಬಿದರೆ 2 ಎಕರೆ ನೀರು. ಬಳಕೆ ಈಜು, ಪೆಡಲ್ ಬೋಟ್, ಸ್ವಲ್ಪ ಕಾಟ್ಲಾ ಮೀನು. ಮೇಲಿನ 60 ಎಕರೆ ನೀರು ಇಳಿದು ಬರುತ್ತೆ. ಕಲ್ಲಿನ ಕೋಡಿ 8 ಅಡಿ ಅಗಲ, ಏರಿ ತಲೆಗಿಂತ 3 ಅಡಿ ಕೆಳಗೆ. ಮೀನು ಹೋಗದಂತೆ ಬಲೆ ಕಟ್ಟಿದೆ. ನೀರು ಹೊರಬಿಡುವ ತೂಬು 6 ಇಂಚಿನ ಪೈಪು, ವಾಲ್ವ್ ಹೊರಗಡೆ. ಪೈಪು ಹೊರಬರುವ ಜಾಗದ ಪಕ್ಕ ಬೇಸಿಗೆಯಲ್ಲೂ ತೇವ ಆರುತ್ತಿಲ್ಲ. ಏರಿ ಮೇಲೆ ಬಳ್ಳಾರಿ ಜಾಲಿ ಬೆಳೆದಿದೆ. ಕೆಳಗೆ ಎರಡು ಮನೆ, ಒಂದು ಅಡಿಕೆ ತೋಟ ಇವೆ. ಹೊರಗಡೆಯಿಂದ ಸಿಮೆಂಟ್ ಬಳಿದರೆ ತೇವ ನಿಲ್ಲುತ್ತಾ?

ನೀರಗಂಟಿ:
ಸಿಮೆಂಟ್ ಖಂಡಿತ ಬೇಡ ಸರ್. ಹೊರಗಡೆ ಬಾಯಿ ಮುಚ್ಚಿದರೆ ಒಳಗೆ ನೀರಿನ ಒತ್ತಡ ಏರಿ ಬೇರೆ ಕಡೆ ದಾರಿ ಹುಡುಕುತ್ತೆ. ನೀರು ಆಚೆ ಬರಲಿ, ಮಣ್ಣು ಮಾತ್ರ ಬರಬಾರದು. ಮಾಡಬೇಕಾದ್ದು ಅಷ್ಟೇ.

ಮೊದಲು ತೇವದ ಜಾಗದಿಂದ ಸಣ್ಣ ಕಾಲುವೆ ತೋಡಿ, ನೀರು ಒಂದೇ ಕಡೆ ಬೀಳೋ ಹಾಗೆ ಮಾಡಿ. ಲೀಟರ್ ಪಾತ್ರೆ ತುಂಬೋಕೆ ಎಷ್ಟು ಹೊತ್ತು ಅಂತ ವಾರಕ್ಕೊಮ್ಮೆ ಬರೆದಿಡಿ, ಪಕ್ಕದಲ್ಲೇ ಆ ದಿನದ ಕಟ್ಟೆ ಮಟ್ಟ. ಮಟ್ಟ ಅಷ್ಟೇ ಇದ್ದು ನೀರು ಹೆಚ್ಚಾದರೆ ಒಳಗೆ ದಾರಿ ದೊಡ್ಡದಾಗ್ತಿದೆ. ಗಾಜಿನ ಲೋಟದಲ್ಲಿ ಹಿಡಿದಿಟ್ಟ ನೀರಿನ ತಳದಲ್ಲಿ ಮಣ್ಣು ಕೂತರೆ ಕಾಯಬೇಡಿ, ಅವತ್ತೇ ಕಟ್ಟೆ ನೀರು ಇಳಿಸಲು ಶುರು ಮಾಡಿ. ಸಾಮಾನ್ಯ ದಿನಗಳಲ್ಲಿ ದಿನಕ್ಕೆ 1 ಅಡಿಗಿಂತ ಜಾಸ್ತಿ ಇಳಿಸಬಾರದು, ನೆನೆದ ಒಳಮೈ ಮಣ್ಣು ಜರುಗುತ್ತೆ. ಏರಿಯೇ ಹೋಗೋ ಲಕ್ಷಣ ಇದ್ದರೆ ಮಾತ್ರ ಬೇಗ ಇಳಿಸಿ, ಕೆಳಗಿನ ಮನೆಯವರನ್ನು ಮೊದಲು ಎಬ್ಬಿಸಿ, 112ಕ್ಕೆ ಫೋನ್ ಮಾಡಿ.

ನೀರು ತಿಳಿಯಾಗಿದ್ದರೆ ಆ ಜಾಗದ ಮೇಲೆ 8 ಇಂಚು ತೊಳೆದ ದಪ್ಪ ಮರಳು, ಅದರ ಮೇಲೆ 8 ಇಂಚು ಸಣ್ಣ ಜೆಲ್ಲಿ, ಕೊನೆಗೆ ಭಾರಕ್ಕೆ ಸೈಜುಗಲ್ಲು. ತೇವ ಕಾಣೋ ಜಾಗದಿಂದ ಸುತ್ತ 3 ಅಡಿ ಆಚೆವರೆಗೂ ಹಾಕಿ. ತೊಳೆಯದ ಎಂ-ಸ್ಯಾಂಡ್ ಬೇಡ, ಅದರ ಪುಡಿ ಕೂತು ಸೋಸುವ ಪದರವೇ ಕಟ್ಟಿಕೊಳ್ಳುತ್ತೆ.

ಆದರೆ ನನಗೆ ಅನುಮಾನ ವಾಲ್ವ್ ಮೇಲೆ. ಅದು ಹೊರತುದಿಯಲ್ಲಿದ್ದರೆ ಏರಿಯೊಳಗಿನ ಪೈಪು ವರ್ಷವಿಡೀ ಒತ್ತಡದಲ್ಲೇ ಇರುತ್ತೆ. ಒಂದು ಜಾಯಿಂಟ್ ಬಿಟ್ಟರೂ ನೀರು ನೇರ ಏರಿ ಮಣ್ಣಿಗೆ. ಕಟ್ಟೆ ತಗ್ಗಿದಾಗ ನೀರಿನ ಕಡೆಯ ತುದಿಗೆ ಗೇಟ್ ಹಾಕಿಸಿ. ಆ ಗೇಟ್ ಮುಚ್ಚಿದ ಮೇಲೆ ಕೆಲವು ದಿನದಲ್ಲಿ ತೇವ ಆರಿದರೆ ಕಳ್ಳ ಪೈಪೇ. ಆರದಿದ್ದರೆ ನೀರು ಪೈಪಿನ ಹೊರಮೈ ಹಿಡಿದು ಬರ್ತಿರಬಹುದು. ಆಗ ಕಟ್ಟೆ ಖಾಲಿ ಇರುವಾಗ ಹೊರತುದಿಯ ಕಡೆ ಅಗೆದು ಪೈಪಿನ ಸುತ್ತ 2–3 ಅಡಿ ಇದೇ ಥರದ ಮರಳು ತುಂಬಬೇಕು. ಅದನ್ನು ಇಂಜಿನಿಯರ್ ಎದುರಿಗೇ ಮಾಡಿಸಿ.

ಹೊಸದುರ್ಗ_ತೋಟ:
ನೀರು ತಿಳಿಯಾಗೇ ಇದೆ. ಕೋಡಿ ಮೇಲೆ ನೀರು ಬಿದ್ದು ವರ್ಷಗಳಾಗಿವೆ, ಹಾಗಾಗಿ ಬಲೆ ತೆಗೆದಿಲ್ಲ.

ಕೋಡಿ_ಲೆಕ್ಕ:
ತೇವಕ್ಕಿಂತ ಮೊದಲು ಆ ಬಲೆ ತೆಗೀರಿ. ವಾಣಿವಿಲಾಸ ಸಾಗರದ ಕೋಡಿ 1933ರಲ್ಲಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಅಷ್ಟು ವರ್ಷ ಒಣಗಿದ್ದ ಕೋಡಿ ಬೇಕಾದ ದಿನ ತೆರೆದೇ ಇತ್ತು.

ನಿಮ್ಮ ಲೆಕ್ಕ ನೋಡಿ. 60 ಎಕರೆ ಅಂದರೆ 24 ಹೆಕ್ಟೇರ್. ಗಂಟೆಗೆ 75 ಮಿ.ಮೀ. ಬಿರುಸಿನ ಮಳೆ, ಅರ್ಧ ನೀರು ಹರಿದು ಬಂತು ಅಂತ ಹಿಡಿದರೆ 0.5 × 75 × 24 ÷ 360 (360 ಅನ್ನೋದು ಅಳತೆ ಬದಲಿಸೋಕೆ), ಅಂದರೆ ಸೆಕೆಂಡಿಗೆ 2.5 ಘನ ಮೀಟರ್. ಕಟ್ಟೆ ಮೊದಲೇ ತುಂಬಿದ್ದರೆ 8 ಅಡಿ ಕೋಡಿ ಮೇಲೆ ನೀರು 2.3 ಅಡಿ ಏರುತ್ತೆ. ಏರಿ ತಲೆಗೆ ಉಳಿಯೋದು ಮುಕ್ಕಾಲು ಅಡಿಗೂ ಕಮ್ಮಿ, ಗಾಳಿ ಅಲೆಗೆ ಅದು ಸಾಲದು. ಬಲೆಗೆ ಕಸಕಡ್ಡಿ ಸಿಕ್ಕಿ ಅರ್ಧ ಮುಚ್ಚಿದರೆ ನೀರು 3.7 ಅಡಿ ಏರಬೇಕಾಗುತ್ತೆ, ನಿಮಗಿರೋದೇ 3 ಅಡಿ. ಏರಿ ಮೇಲೆ ಹರಿದ ನೀರು ಹೊರಮೈ ಕೊರೆದು ಕೆಲವೇ ಗಂಟೆಯಲ್ಲಿ ಏರಿ ಒಡೆಯಬಹುದು. ಕೋಡಿ 20 ಅಡಿ ಮಾಡಿಸಿದರೆ ಅದೇ ನೀರು 1.3 ಅಡಿಯಲ್ಲಿ ಹೋಗುತ್ತೆ.

ಮೀನಿಗೆ ಬಲೆ ಬೇಕೇ ಬೇಕಂದರೆ ಕೋಡಿಯಿಂದ 15 ಅಡಿ ಹಿಂದೆ, ಅರ್ಧವೃತ್ತವಾಗಿ, ಕೋಡಿಯ ನಾಲ್ಕು ಪಟ್ಟು ಉದ್ದಕ್ಕೆ ಕಟ್ಟಿ. ಭಾರ ಬಿದ್ದರೆ ಗೂಟ ಬಿಟ್ಟು ಬಲೆ ಮಲಗುವಂತಿರಲಿ. ಹಸ್ತ, ಚಿತ್ತ ಮಳೆ (ಸೆಪ್ಟೆಂಬರ್ ಕೊನೆ, ಅಕ್ಟೋಬರ್) ಶುರುವಾಗೋ ಮುಂಚೆ ಅದನ್ನೂ ಬಿಚ್ಚಿಡಿ. ಕೋಡಿ ಮೇಲೆ ಮರಳು ಚೀಲ ಇಟ್ಟು ಮಟ್ಟ ಏರಿಸೋ ಚಾಳಿಯಂತೂ ಬೇಡವೇ ಬೇಡ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದವಕ್ಕೆ, ಕೆಲವು ಷರತ್ತಿನ ಮೇಲೆ 10 ಮೀಟರ್‌ಗಿಂತ ಎತ್ತರದವಕ್ಕೆ. ನಿಮ್ಮದು 5 ಮೀಟರ್ ಕೂಡ ಇಲ್ಲ, ಸರ್ಕಾರದವರು ಬಂದು ನೋಡ್ತಾರೆ ಅಂತ ಕೂರೋ ಹಾಗಿಲ್ಲ.

ಜಗಳೂರು_ಎರೆಹೊಲ:
ಜಾಲಿ ವಿಚಾರ. ಕೈಬೆರಳು ದಪ್ಪದವನ್ನು ಈಗಲೇ ಬೇರುಸಮೇತ ಕೀಳಿ. ತೊಡೆ ದಪ್ಪದವನ್ನು ನೀರು ತುಂಬಿರುವಾಗ ಜೆಸಿಬಿಯಿಂದ ಎಳೆಸಬೇಡಿ, ಬೇರಿನ ಜೊತೆ ಏರಿಯೂ ಬರುತ್ತೆ. ಬುಡ ಕಡಿದು ಬಿಟ್ಟರೆ ಬೇರು ಕೊಳೆತು ಕೊಳವೆಯಾಗುತ್ತೆ. ಕಟ್ಟೆ ತಗ್ಗಿದಾಗ ಬೇರು ಅಗೆದು ತೆಗೆದು, ಗುಂಡಿ ಬದಿ ಇಳಿಜಾರು ಮಾಡಿ, ಏರಿಯದೇ ಥರದ ಜಿಗಟು ಮಣ್ಣನ್ನು 6 ಇಂಚಿನ ಪದರವಾಗಿ ಹಾಕಿ ದಮ್ಮಸ್ಸು ಮಾಡಿ (ಗುದ್ದಿ ಗಟ್ಟಿ ಮಾಡಿ). ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ನೀರು ಅಂಟಬಾರದು. ಹೆಗ್ಗಣದ ಬಿಲ, ಹುತ್ತ ಇದ್ದರೂ ಕೊನೆವರೆಗೆ ಅಗೆದು ಇದೇ ರೀತಿ ಮುಚ್ಚಿ. ಮೇಲೆ ಗರಿಕೆ ಬಿಡಿ. ಅದನ್ನು ಗಿಡ್ಡ ಕತ್ತರಿಸಿಟ್ಟರೆ ಬಿರುಕು, ತೇವ ಎಲ್ಲ ಕಣ್ಣಿಗೆ ಬೀಳುತ್ತೆ.

ನೀರಗಂಟಿ:
ಈಜೋರ ಬಗ್ಗೆ. ತೂಬಿನ ಒಳಬಾಯಿಗೆ ಜಾಲರಿ ಕಡ್ಡಾಯ, ತೂಬು ತೆರೆದ ದಿನ ಈಜು ಬಂದ್. 6 ಇಂಚಿನ ಪೈಪು ಕಾಲನ್ನು ಎಳೆದು ಹಿಡಿದರೆ ಬಿಡಿಸೋದು ಕಷ್ಟ. ಕೋಡಿಯಿಂದ 30 ಅಡಿ ದೂರದಲ್ಲಿ ಬೆಂಡು ಕಟ್ಟಿದ ಹಗ್ಗ ಎಳೆದು ಆಚೆ ಬೋಟೂ ಹೋಗದಂತೆ ಮಾಡಿ. ಹೂಳು ಕೂತ ಕಡೆ ಕಾಲು ಹೂತುಹೋಗುತ್ತೆ, ಗಳದಿಂದ ಆಳ ನೋಡಿ 4 ಅಡಿಯ ಗೆರೆಗೆ ಇನ್ನೊಂದು ಹಗ್ಗ. ಬೋಟಲ್ಲಿ ಲೈಫ್ ಜಾಕೆಟ್ ಹಾಕದವರನ್ನು ಹತ್ತಿಸಬೇಡಿ. ದಡದಲ್ಲಿ 60 ಅಡಿ ಹಗ್ಗ ಕಟ್ಟಿದ ಲೈಫ್ ಬಾಯ್ ಎರಡು, ಬೀಗ ಇಲ್ಲದೆ ನೇತಾಡಲಿ. ಜನ ಇಲ್ಲದ ಹೊತ್ತು ಮಕ್ಕಳು ಇಳಿಯದಂತೆ ಸುತ್ತ ಬೇಲಿ, ಬೇಲಿಯ ಗೇಟಿಗೆ ಬೀಗ.