ಬಂಡೆ ಮೇಲಿನ ಕ್ಯಾರಲುಮ, ಹೂವು ಮಾತ್ರ ಬೇರೆ ಥರ - ಇದು ಹೊಸ ಸ್ಪೀಸೀಸಾ? ಯಾರು, ಹೇಗೆ ತೀರ್ಮಾನ ಮಾಡ್ತಾರೆ?

ಬಂಡೆಹಾದಿ:
ಎಲ್ಲರಿಗೂ ನಮಸ್ಕಾರ. ನಾನು ಮೊಳಕಾಲ್ಮೂರು ಕಡೆಯವನು, ಬಾಟನಿ ಓದಿದವನಲ್ಲ, ಗಿಡ ನೋಡೋ ಹುಚ್ಚು ಮಾತ್ರ ಇದೆ. ನಮ್ಮ ಹೊಲಕ್ಕೆ ಹೊಂದಿಕೊಂಡು ಒಂದು ಕಲ್ಲುಗುಡ್ಡ ಇದೆ, ಅದೂ ನಮ್ಮದೇ ಪಟ್ಟಾ ಜಮೀನು. ಅಲ್ಲಿ ಕಾರೆ ಪೊದೆ ಬುಡದಲ್ಲಿ, ಬಂಡೆ ಸಂದಿಯಲ್ಲಿ ಎಲೆ ಇಲ್ಲದ, ನಾಲ್ಕು ಮೂಲೆ ದಂಟಿನ ಗಿಡ ಬೆಳೆಯುತ್ತೆ, ಕುರಿ ಕಾಯೋರು ಹಸಿವಾದಾಗ ಮುರ್ಕೊಂಡು ತಿಂತಾರೆ. ನೆಟ್‌ನಲ್ಲಿ ನೋಡಿದ್ರೆ ಕ್ಯಾರಲುಮ ಅಂತ ಗೊತ್ತಾಯ್ತು. ಮಳೆ ಮುಗಿಯೋ ಹೊತ್ತಿಗೆ ಹೂವು ಬಿಡುತ್ತೆ, ದಳದ ಅಂಚಲ್ಲಿ ನೇರಳೆ ಬಣ್ಣದ ಸಣ್ಣ ಕೂದಲು ಗಾಳಿಗೆ ಅಲ್ಲಾಡ್ತಿರುತ್ತೆ. ಆದ್ರೆ ಅದೇ ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಇರೋ ಗಿಡಗಳ ಹೂವಲ್ಲಿ ಆ ಕೂದಲೇ ಇಲ್ಲ, ಬಣ್ಣನೂ ಕಡು, ಹೆಚ್ಚುಕಮ್ಮಿ ಕಪ್ಪು ಅನ್ನೋ ಹಾಗೆ, ದಂಟೂ ಸ್ವಲ್ಪ ದಪ್ಪ. ಗಿಡದ ವಾಟ್ಸಾಪ್ ಗ್ರೂಪಲ್ಲಿ ಫೋಟೋ ಹಾಕಿದ್ದಕ್ಕೆ ಎಲ್ಲರೂ ಇದು ಹೊಸದು, ಬೇಗ ಹೆಸರಿಟ್ಟುಬಿಡಿ ಅಂತಿದ್ದಾರೆ. ನನಗೆ ತಿಳ್ಕೋಬೇಕಾಗಿರೋದು ಇಷ್ಟು, ಹೊಸದು ಅಂತ ಹೇಳೋಕೆ ಏನೇನು ನೋಡ್ತಾರೆ, ವರ್ಣನೆ ಅಂದ್ರೆ ಏನು ಬರೀತಾರೆ, ನನ್ನಂಥವನು ಏನು ಮಾಡಿದ್ರೆ ಅದು ಕೆಲಸಕ್ಕೆ ಬರುತ್ತೆ?

ಕಳ್ಳಿಬೇಲಿ:
ಮೊದಲು ಒಂದು ಪ್ರಶ್ನೆ, ದಂಟು ಮುರಿದ್ರೆ ಬಿಳಿ ಹಾಲು ಬರುತ್ತಾ ಅಥವಾ ನೀರಿನ ಥರ ರಸನಾ? ಹಾಲು ಬಂದ್ರೆ ಅದು ಕಳ್ಳಿ ಕಡೆಯದು, ಯೂಫೋರ್ಬಿಯ, ಬಾಯಿಗೆ ಇಡಲೇಬಾರದು.

ಬಂಡೆಹಾದಿ:
ನೀರಿನ ಥರ ರಸನೇ, ಎರಡು ಮಗ್ಗುಲಿನ ಗಿಡದಲ್ಲೂ. ಹೂವು ದಂಟಿನ ತುದಿ ಸಣ್ಣಗಾಗ್ತಾ ಹೋಗುತ್ತಲ್ಲ ಅಲ್ಲಿ ಒಂದೊಂದಾಗಿ, ಕೆಲವು ಸಲ ಎರಡೆರಡು ಬಿಡ್ತವೆ.

ಹರ್ಬೇರಿಯಂ ಹಾಳೆ:
ತುದಿ ಸಣ್ಣಗಾಗಿ ಒಂದೊಂದೇ ಹೂವು ಅಂದ್ರೆ ಅದು ಕ್ಯಾರಲುಮ ಅಂಬೆಲ್ಲಾಟ ಅನ್ನೋ ಇನ್ನೊಂದು ಸ್ಪೀಸೀಸ್ ಅಲ್ಲ, ಅದರಲ್ಲಿ ದಂಟು ಕೊನೇವರೆಗೂ ದಪ್ಪ ಇದ್ದು ತುದಿಯಲ್ಲಿ ಹೂವು ಗುಂಪಾಗಿ ಬರುತ್ತೆ. ನಿಮ್ಮದು ಕ್ಯಾರಲುಮ ಅಡ್ಸೆಂಡೆನ್ಸ್ ಗುಂಪು, ಇದು ನಮ್ಮ ದಖ್ಖನ್ ಸೀಮೆಯಲ್ಲೇ ಅತ್ಯಂತ ಗೊಂದಲದ ಗುಂಪು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಗುಡ್ಡದಲ್ಲಿ ಒಂದು ಗಿಡ ನೋಡಿ ಹೊಸದು ಅಂತ ಹೇಳೋಕೆ ಆಗಲ್ಲ, ಈ ಹಿಂದೆ ಯಾರು ಯಾರು ಏನೇನು ವರ್ಣಿಸಿದ್ದಾರೋ ಅದೆಲ್ಲದರ ಪಕ್ಕ ಇಟ್ಟು ನೋಡಿದ ಮೇಲೇ ಅದು ಗೊತ್ತಾಗೋದು, ಅಂದ್ರೆ ಕೆಲಸದ ಮುಕ್ಕಾಲು ಭಾಗ ಹರ್ಬೇರಿಯಂನಲ್ಲೇ (ಒಣಗಿಸಿದ ಗಿಡಗಳ ಸಂಗ್ರಹಾಲಯ) ನಡೆಯುತ್ತೆ. ಈ ಗಿಡದ ಕಥೆ ನೋಡಿ. ರಾಕ್ಸ್‌ಬರ್ಗ್ ಇದನ್ನ ಸ್ಟೆಪೀಲಿಯ ಅಡ್ಸೆಂಡೆನ್ಸ್ ಅಂತ ಕರೆದ, ಆಮೇಲೆ ರಾಬರ್ಟ್ ಬ್ರೌನ್ ಕ್ಯಾರಲುಮ ಅನ್ನೋ ಜೀನಸ್ (ಹತ್ತಿರದ ಸ್ಪೀಸೀಸ್‌ಗಳ ಗುಂಪು) ಮಾಡಿ ಅದಕ್ಕೆ ಸೇರಿಸಿದ. ಮುಂದೆ ಅಂಚಲ್ಲಿ ಕೂದಲಿರೋದಕ್ಕೆ ವಾಲಿಚ್ ಫಿಂಬ್ರಿಯಾಟ ಅಂತ ಬೇರೆ ಹೆಸರು ಕೊಟ್ಟ, ವೈಟ್ ಅಟೆನುಯಾಟ ಅಂತ ಇನ್ನೊಂದು ಮಾಡಿದ, ಹೀಗೆ ಬೆಳೀತಾ ಹೋಯ್ತು. 1931ರಲ್ಲಿ ಮದ್ರಾಸ್ ಮ್ಯೂಸಿಯಂನ ಗ್ರೇವ್ಲಿ ಮತ್ತು ಮಯೂರನಾಥನ್ ಭಾರತದ ಕ್ಯಾರಲುಮಗಳನ್ನೆಲ್ಲ ಒಟ್ಟಿಗೆ ಕೂರಿಸಿ ನೋಡಿ, ಫಿಂಬ್ರಿಯಾಟ, ಅಟೆನುಯಾಟ ಎರಡನ್ನೂ ಅಡ್ಸೆಂಡೆನ್ಸ್‌ನ ವೆರೈಟಿಗಳು, ಅಂದ್ರೆ ಒಂದೇ ಸ್ಪೀಸೀಸಿನ ಒಳಗಿನ ಬಗೆಗಳು ಅಂತ ಇಳಿಸಿದ್ರು, ಜೊತೆಗೆ ಇನ್ನೂ ಕೆಲವು ವೆರೈಟಿ ಸೇರಿಸಿದ್ರು. ಅವತ್ತಿಂದ ಇವತ್ತಿನವರೆಗೂ ಕೆಲವರು ಇವು ಬೇರೆ ಬೇರೆ ಸ್ಪೀಸೀಸ್ ಅಂತಾರೆ, ಕೆಲವರು ವೆರೈಟಿ ಅಂತಾರೆ. ಅಂಚಿನ ಕೂದಲು ಇದೆಯಾ ಇಲ್ವಾ, ದಳದ ಬಣ್ಣ ಎಷ್ಟು ಕಡು, ನೀವು ನೋಡಿರೋ ವ್ಯತ್ಯಾಸದ ಮೇಲೇ ಅವರೆಲ್ಲ ಜಗಳ ಆಡಿರೋದು. ಹಾಗಾಗಿ ನಿಮ್ಮ ಕಡುಬಣ್ಣದ ಗಿಡಕ್ಕೆ ಹಳೇ ಹೆಸರೊಂದು ಈಗಾಗಲೇ ಇರೋ ಸಾಧ್ಯತೆನೇ ಹೆಚ್ಚು ಅಂತ ನನ್ನ ಅಭಿಪ್ರಾಯ. ಇದನ್ನ ಓದಿ ನಿರಾಸೆ ಆಗಬೇಡಿ ದಯವಿಟ್ಟು, ಎರಡು ಬಗೆ ಒಂದೇ ಗುಡ್ಡದಲ್ಲಿ ಬೆಳೆಯೋ ಜಾಗ ಸಿಕ್ಕಿದೆಯಲ್ಲ, ಅದು ಈ ಗುಂಪಿನ ಮೇಲೆ ಕೆಲಸ ಮಾಡೋರಿಗೆ ತುಂಬಾ ಬೆಲೆಬಾಳುವಂಥದ್ದು.

ಯಾಕೆ ಅಂದ್ರೆ ಎರಡರ ಮಧ್ಯೆ ಅರ್ಧಂಬರ್ಧ ಕೂದಲಿರೋ ಗಿಡ ಸಿಗ್ತವಾ ಅನ್ನೋದು ನಿಮಗೆ ಮಾತ್ರ ನೋಡೋಕೆ ಆಗುತ್ತೆ. ಸಿಕ್ಕಿದ್ರೆ ಎರಡೂ ಕೂಡ್ತಿವೆ, ಒಂದೇ ಸ್ಪೀಸೀಸಿನ ಒಳಗಿನ ವ್ಯತ್ಯಾಸ ಅನ್ನೋ ಕಡೆ ವಾಲುತ್ತೆ. ಅಕ್ಕಪಕ್ಕ ಇದ್ದೂ, ಒಂದೇ ಕಾಲಕ್ಕೆ ಹೂ ಬಿಟ್ಟೂ ಮಧ್ಯದವು ಒಂದೂ ಇಲ್ಲ ಅಂದ್ರೆ ಆಗ ಬೇರೆ ಅನ್ನೋ ವಾದಕ್ಕೆ ಬಲ ಬರುತ್ತೆ. ಒಂದು ಗಿಡ ನೋಡಿ ಇದನ್ನ ಹೇಳೋಕಾಗಲ್ಲ, ಗುಡ್ಡದ ಉದ್ದಕ್ಕೂ ನೋಡಬೇಕು.

ಬಾಲ್ಕನಿ ಸಕ್ಯುಲೆಂಟ್:
ನಾನು ಬೆಂಗಳೂರಲ್ಲಿ ಸಕ್ಯುಲೆಂಟ್ (ಮೈಯಲ್ಲಿ ನೀರು ತುಂಬಿಕೊಳ್ಳೋ ದಪ್ಪ ಗಿಡ) ಬೆಳೆಸ್ತೀನಿ, ಬೆಳೆಸೋರ ಕಡೆಯಿಂದ ಒಂದು ಮಾತು. ದಂಟು ದಪ್ಪ, ಬಣ್ಣ ಕಡು ಅನ್ನೋದನ್ನ ಬೇಗ ನಂಬಬೇಡಿ. ಬಿಸಿಲಿಗೆ ಬಿದ್ದ ದಂಟು ಗಿಡ್ಡ ಆಗಿ ಕೆಂಪಾಗುತ್ತೆ, ಅದೇ ಗಿಡದ ತುಂಡು ನೆರಳಲ್ಲಿ ಇಟ್ರೆ ಹಸಿರಾಗಿ ಸೊರಗಿ ಉದ್ದ ಹೋಗುತ್ತೆ, ಇದನ್ನ ನಮ್ಮ ಟೆರೇಸಲ್ಲಿ ಪ್ರತಿ ವರ್ಷ ನೋಡ್ತೀನಿ. ನಿಮ್ಮದೇ ಜಮೀನು ಅಂದ್ರಲ್ಲ, ಎರಡು ಮಗ್ಗುಲಿಂದ ಒಂದೊಂದು ಸಣ್ಣ ತುಂಡು ತಂದು ಗಾಯ ಒಣಗಿಸಿ, ಒಂದೇ ಮಣ್ಣು, ಒಂದೇ ಬಿಸಿಲು, ಒಂದೇ ನೀರಲ್ಲಿ ಅಕ್ಕಪಕ್ಕ ಬೆಳೆಸಿ. ಹೂ ಬಿಟ್ಟಾಗಲೂ ವ್ಯತ್ಯಾಸ ಹಾಗೇ ಉಳಿದ್ರೆ ಅದು ಜಾಗದ ಪ್ರಭಾವ ಅಲ್ಲ ಅಂತ ಒಂದು ಮಟ್ಟಿಗೆ ಹೇಳಬಹುದು.

ಇನ್ನೊಂದು, ಇದು ಬಹಳ ಮುಖ್ಯ, ಗುಡ್ಡ ಎಲ್ಲಿದೆ ಅಂತ ಎಲ್ಲೂ ಬರೀಬೇಡಿ, ಫೋನಿನ ಫೋಟೋದಲ್ಲಿ ಲೊಕೇಶನ್ ಸೇರ್ಕೊಂಡಿರುತ್ತೆ ಅದನ್ನೂ ತೆಗೆದು ಹಾಕಿ. ದಕ್ಷಿಣ ಆಫ್ರಿಕಾದ ನಮಕ್ವಾಲ್ಯಾಂಡ್ ಕಡೆ ಕೊನೊಫೈಟಮ್ ಅನ್ನೋ ಗುಂಡುಗುಂಡು ಪುಟ್ಟ ಗಿಡಗಳನ್ನ ಕಳ್ಳರು ಲಕ್ಷಗಟ್ಟಲೆ ಕಿತ್ತು ಹೊರದೇಶಕ್ಕೆ ಸಾಗಿಸಿದ್ದಾರೆ, ಒಂದು ಬೆಟ್ಟದಲ್ಲಿ ಮಾತ್ರ ಇರೋ ಸ್ಪೀಸೀಸ್ ಆದ್ರೆ ಒಂದು ರಾತ್ರೀಲಿ ಖಾಲಿ. ಅದಕ್ಕೇ ಈಗ ಹೊಸ ಸ್ಪೀಸೀಸ್ ಪೇಪರ್ ಬರೆಯೋರು ಎಷ್ಟೋ ಜನ ಕರಾರುವಾಕ್ಕಾದ ಜಾಗ ಅಚ್ಚು ಹಾಕಲ್ಲ. ನಮ್ಮ ಕ್ಯಾರಲುಮನೂ ತೂಕ ಇಳಿಸೋ ಮಾತ್ರೆಗೆ ಅಂತ ಹುಡುಕ್ತಾರೆ, ಮರೀಬೇಡಿ.

ಹರ್ಬೇರಿಯಂ ಹಾಳೆ:
ಒಪ್ಪಿದೆ, ಜಾಗದ ವಿಷಯ ನೂರಕ್ಕೆ ನೂರು ಸರಿ.

ಈಗ ನೀವು ಮಾಡಬಹುದಾದ ಕೆಲಸ ಹೇಳ್ತೀನಿ. ಈ ಗಿಡಗಳಲ್ಲಿ ಹೂವಿನ ನಡುಭಾಗವೇ ಜೀವಾಳ. ದಳದ ಮಧ್ಯೆ ಕೊರೋನ ಅಂತ ಒಂದು ಪುಟ್ಟ ರಚನೆ ಇರುತ್ತೆ, ಹೊರಗಿನದು ಒಳಗಿನದು ಅಂತ ಎರಡು ಸುತ್ತು, ಅದರ ಹಾಲೆಗಳು ನೆಟ್ಟಗಿವೆಯಾ ಬಾಗಿವೆಯಾ, ತುದಿ ಸೀಳಿದೆಯಾ, ಮೇಲೆ ಕೂದಲಿದೆಯಾ, ಇದನ್ನೆಲ್ಲ ಮಿಲಿಮೀಟರ್ ಲೆಕ್ಕದಲ್ಲಿ ಅಳೀತಾರೆ. ಪರಾಗನೂ ಪುಡಿ ಆಗಿರಲ್ಲ, ಪೊಲೀನಿಯಂ ಅಂತ ಹಳದಿ ಗಂಟು, ಜೋಡಿ ಜೋಡಿಯಾಗಿ ಇರುತ್ತೆ, ನೊಣದ ಕಾಲಿಗೋ ಮೂತಿಗೋ ಸಿಕ್ಕಿಕೊಂಡು ಇನ್ನೊಂದು ಹೂವಿಗೆ ಹೋಗುತ್ತೆ. ಹೂವನ್ನ ಪೇಪರ್ ಮಧ್ಯೆ ಒತ್ತಿ ಒಣಗಿಸಿದ್ರೆ ಕೊರೋನ ಅಪ್ಪಚ್ಚಿ ಆಗಿ ಏನೂ ಉಳಿಯಲ್ಲ. ಹಳೇ ಹರ್ಬೇರಿಯಂ ಹಾಳೆಗಳಲ್ಲಿ ಈ ಗುಂಪಿನ ಗಿಡ ನೋಡಿದ್ರೆ ಅಳು ಬರುತ್ತೆ, ಕಪ್ಪು ಕಡ್ಡಿ, ಅದರ ಪಕ್ಕ ಒಂದು ಕಂದು ಚುಕ್ಕೆ, ಅದೇ ಹೂವಂತೆ. ಹಾಗಾಗಿ ಹೂವನ್ನ ಎಪ್ಪತ್ತು ಪರ್ಸೆಂಟ್ ಆಲ್ಕೋಹಾಲ್ ಇರೋ ಸಣ್ಣ ಬಾಟಲಿಗೆ ಹಾಕಿ ಇಡಬೇಕು, ಅದಕ್ಕೆ ಮೊದಲೇ ಬಣ್ಣ, ವಾಸನೆ ಬರೆದುಕೊಳ್ಳಿ, ಆಲ್ಕೋಹಾಲಲ್ಲಿ ಬಣ್ಣ ಹೋಗಿಬಿಡುತ್ತೆ. ಫೋಟೋ ಮೇಲಿಂದ, ಪಕ್ಕದಿಂದ, ಸ್ಕೇಲ್ ಇಟ್ಟು ತೆಗೀರಿ, ಒಂದು ಹೂವನ್ನ ಉದ್ದಕ್ಕೆ ಸೀಳಿ ಒಳಗಿನದೂ ತೆಗೀರಿ.

ದಂಟಿನ ಕಥೆ ಬೇರೆ. ಸಕ್ಯುಲೆಂಟನ್ನ ಹಾಗೇ ಪ್ರೆಸ್ (ಗಿಡ ಒತ್ತಿ ಒಣಗಿಸೋ ಹಲಗೆ) ಒಳಗೆ ಇಟ್ರೆ ಅದು ಸಾಯಲ್ಲ, ಒಳಗಿರೋ ನೀರಲ್ಲೇ ಬದುಕಿ ಕತ್ತಲಲ್ಲಿ ಬಿಳಚಿಕೊಂಡು ಬೆಳೀತಿರುತ್ತೆ, ಇಲ್ಲಾಂದ್ರೆ ಕೊಳೆಯುತ್ತೆ. ಕುದಿಯೋ ನೀರಲ್ಲಿ ಸ್ವಲ್ಪ ಹೊತ್ತು ಅದ್ದಿಯೋ, ಆಲ್ಕೋಹಾಲಲ್ಲಿ ಇಟ್ಟೋ ಮೊದಲು ಕೊಂದು, ಉದ್ದಕ್ಕೆ ಸೀಳಿ ಒಳತಿರುಳು ಕೆರೆದು ಆಮೇಲೆ ಒತ್ತಬೇಕು, ಪೇಪರ್ ಪದೇ ಪದೇ ಬದಲಾಯಿಸಬೇಕು. ಕಾಯಿ ಬಿಟ್ರೆ ಬಿಡಬೇಡಿ, ಕೊಂಬಿನ ಥರ ಜೋಡಿಯಾಗಿ ಬರುತ್ತೆ, ಒಡೆದ್ರೆ ರೇಷ್ಮೆ ಎಳೆ ಕಟ್ಟಿಕೊಂಡ ಬೀಜ, ಅದನ್ನೂ ತೆಗೆದಿಡಿ.

ಅಳತೆ ಒಂದೇ ಗಿಡದ್ದು ಬರೆದ್ರೆ ಉಪಯೋಗ ಇಲ್ಲ, ಎರಡು ಮಗ್ಗುಲಿನಲ್ಲೂ ಬೇರೆ ಬೇರೆ ಗಿಡ ಅಳೆದು ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ ಬರೀಬೇಕು, ವರ್ಣನೆ ಅನ್ನೋದರ ಮೈ ಅದೇ. ಅದರ ತಲೆ ಮಾತ್ರ ಡಯಾಗ್ನೋಸಿಸ್, ಅತಿ ಹತ್ತಿರದ ಸ್ಪೀಸೀಸಿಗಿಂತ ಇದು ಯಾವ ಯಾವ ಗುಣದಲ್ಲಿ ಬೇರೆ ಅಂತ ನಾಲ್ಕು ಸಾಲಲ್ಲಿ ಹೇಳೋದು. ಆ ನಾಲ್ಕು ಸಾಲು ಬರೆಯೋಕೆ ಆಗಲಿಲ್ಲ ಅಂದ್ರೆ ಹೊಸ ಸ್ಪೀಸೀಸ್ ಇಲ್ಲ ಅಂತಲೇ ಲೆಕ್ಕ.

ಬಂಡೆಹಾದಿ:
ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ತುಂಬಾ ಥ್ಯಾಂಕ್ಸ್. ಎರಡು ಪ್ರಶ್ನೆ ಉಳೀತು. ಒಂದು ಕಡೆ ಕ್ಯಾರಲುಮ ಅಂತಾರೆ, ಇನ್ನೊಂದು ಕಡೆ ಬೌಸೆರೋಸಿಯ, ಮತ್ತೊಂದು ಕಡೆ ಎಲ್ಲ ಸೆರೊಪೀಜಿಯ ಅಂತಾರೆ, ಇದೇನು? ಇನ್ನೊಂದು, ಅಕಸ್ಮಾತ್ ಹೊಸದೇ ಆದ್ರೆ ಹೆಸರು ಇಡೋದು ಹೇಗೆ, ನಾನು ಫೇಸ್‌ಬುಕ್ಕಲ್ಲಿ ಮೊದಲು ಹಾಕಿದ್ರೆ ಅದು ಲೆಕ್ಕಕ್ಕೆ ಬರುತ್ತಾ?

ಕಳ್ಳಿಬೇಲಿ:
ಜೀನಸ್ ಗೊಂದಲಕ್ಕೆ ಫ್ರೆರಿಯ ಇಂಡಿಕಾ ಕಥೆ ಸಾಕು. ಪುಣೆ ಜಿಲ್ಲೆ ಜುನ್ನರ್ ಕಡೆ ಸಿಕ್ಕ ಗಿಡ, ಈ ಬಳಗದ ಬೇರೆ ಗಿಡಕ್ಕೆಲ್ಲ ಎಲೆ ಇಲ್ಲವೇ ಇಲ್ಲ ಅನ್ನೋ ಹಾಗಿದ್ರೆ ಇದಕ್ಕೆ ಮಳೆಗಾಲದಲ್ಲಿ ಚೆನ್ನಾಗಿ ದಪ್ಪ ಎಲೆ ಬರುತ್ತೆ. ಡಾಲ್ಝೆಲ್ 1860ರ ದಶಕದಲ್ಲಿ ಅದಕ್ಕೇ ಅಂತ ಹೊಸ ಜೀನಸ್ ಮಾಡಿ ಬಾಂಬೆ ಗವರ್ನರ್ ಬಾರ್ಟಲ್ ಫ್ರೆರ್ ಹೆಸರಿಟ್ಟ. ಆಮೇಲೆ ಹೂವು ನೋಡಿ ಇದು ಕ್ಯಾರಲುಮನೇ ಅಂದ್ರು, ಆದ್ರೆ ಕ್ಯಾರಲುಮ ಇಂಡಿಕಾ ಅನ್ನೋ ಹೆಸರು ಅಷ್ಟೊತ್ತಿಗೆ ಬೇರೆ ಗಿಡಕ್ಕೆ ಹೋಗಿತ್ತು, ಅದಕ್ಕೆ ರೌಲಿ ಕ್ಯಾರಲುಮ ಫ್ರೆರೈ ಅಂತ ಹೊಸ ಹೆಸರು ಕೊಡಬೇಕಾಯ್ತು. ಡಿಎನ್‌ಎ ನೋಡೋ ಕಾಲ ಬಂದ ಮೇಲೆ ಬೌಸೆರೋಸಿಯಕ್ಕೆ ಹೋಯ್ತು. 2017ರಲ್ಲಿ ಬ್ರುಯ್ನ್ಸ್ ಮತ್ತು ಜೊತೆಗಾರರು ಕ್ಯಾರಲುಮ, ಸ್ಟೆಪೀಲಿಯ, ಹೂಡಿಯ, ಬ್ರ್ಯಾಕಿಸ್ಟೆಲ್ಮ ಎಲ್ಲವನ್ನೂ ಸೆರೊಪೀಜಿಯ ಅನ್ನೋ ಒಂದೇ ದೊಡ್ಡ ಜೀನಸ್ಸಿಗೆ ಸೇರಿಸಿಬಿಟ್ರು. ಅವರ ಕಾರಣ ಏನಂದ್ರೆ ವಂಶವೃಕ್ಷದಲ್ಲಿ ಈ ಕೊಂಬೆಗಳೆಲ್ಲ ಸೆರೊಪೀಜಿಯದ ಒಳಗಿಂದಲೇ ಹುಟ್ಟಿವೆ, ಒಳಗಿನವನ್ನ ಹೊರಗಿಟ್ಟು ಉಳಿದದ್ದಕ್ಕೆ ಒಂದು ಹೆಸರು ಹೇಳೋಕೆ ಬರಲ್ಲ. ಬಳ್ಳಿ, ಗೆಡ್ಡೆ, ಕಳ್ಳಿ ಥರದ್ದು ಎಲ್ಲ ಒಂದೇ ಹೆಸರಲ್ಲಿ ಬಂದು ಏಳುನೂರಕ್ಕೂ ಹೆಚ್ಚು ಸ್ಪೀಸೀಸ್ ಆಯ್ತು. ಎಲ್ಲರೂ ಇದನ್ನ ಒಪ್ಪಿಲ್ಲ, ನನಗೂ ಸಣ್ಣ ಜೀನಸ್‌ಗಳೇ ಇಷ್ಟ, ಗುಡ್ಡದಲ್ಲಿ ನಿಂತು ನೋಡಿದ್ರೆ ಗುರುತು ಹಿಡಿಯೋಕೆ ಆಗಬೇಕಲ್ವಾ. ನಿಮಗೆ ಇದರ ತಲೆಬಿಸಿ ಬೇಡ, ಜೀನಸ್ ಬದಲಾದ್ರೂ ಗಿಡದ ವರ್ಣನೆ, ಅದರ ಟೈಪ್ ಸ್ಪೆಸಿಮನ್ (ಹೆಸರಿಗೆ ಆಧಾರವಾಗಿ ಇಟ್ಟ ಮಾದರಿ) ಅವೇ ಉಳೀತವೆ.

ಹರ್ಬೇರಿಯಂ ಹಾಳೆ:
@ಕಳ್ಳಿಬೇಲಿ ಗುರುತು ಹಿಡಿಯೋಕೆ ಸುಲಭ ಅಂತ ಜೀನಸ್ ಮಾಡೋದು ನಾನು ಒಪ್ಪಲ್ಲ, ಹಾಗೆ ಮಾಡಿದ್ರೆ ಮತ್ತೆ ಎಲೆ ಇದೆ ಅಂತ ಫ್ರೆರಿಯವನ್ನ ಬೇರೆ ಇಡೋ ಕಾಲಕ್ಕೆ ವಾಪಸ್ ಹೋಗ್ತೀವಿ. ಆ ಚರ್ಚೆ ಬೇರೆ ಕಡೆ ಇಟ್ಕೊಳ್ಳೋಣ.

ಹೆಸರಿನ ವಿಷಯ. ಫೇಸ್‌ಬುಕ್, ವಾಟ್ಸಾಪ್, ಪೇಪರ್ ಸುದ್ದಿ ಯಾವುದೂ ಲೆಕ್ಕಕ್ಕಿಲ್ಲ. ಅಚ್ಚಾಗಿ ಹಂಚಿಕೆಯಾದ ವೈಜ್ಞಾನಿಕ ಪ್ರಕಟಣೆಯಲ್ಲಿ ಬರಬೇಕು, 2012ರಿಂದ ಐಎಸ್‌ಎಸ್‌ಎನ್ ಅಥವಾ ಐಎಸ್‌ಬಿಎನ್ (ಪತ್ರಿಕೆ, ಪುಸ್ತಕಗಳ ಗುರುತು ಸಂಖ್ಯೆ) ಇರೋ ಆನ್‌ಲೈನ್ ಪಿಡಿಎಫ್ ಆದ್ರೂ ನಡೆಯುತ್ತೆ. ಅದಕ್ಕೂ ಮುಂಚೆ, 1935ರಿಂದ 2011ರ ಕೊನೆವರೆಗೆ ಲ್ಯಾಟಿನ್ನಲ್ಲೇ ವರ್ಣನೆ ಅಥವಾ ಡಯಾಗ್ನೋಸಿಸ್ ಬೇಕಿತ್ತು, ಈಗ ಇಂಗ್ಲಿಷ್ ಸಾಕು, ಹೆಸರು ಮಾತ್ರ ಲ್ಯಾಟಿನ್ ರೂಪದಲ್ಲಿ ಇರಬೇಕು. ಒಂದು ಸ್ಪೆಸಿಮನ್ನನ್ನ ಹೋಲೋಟೈಪ್, ಅಂದ್ರೆ ಆ ಹೆಸರಿನ ಮುಖ್ಯ ಮಾದರಿ ಅಂತ ಗುರುತಿಸಿ, ಅದು ಯಾವ ಹರ್ಬೇರಿಯಂನಲ್ಲಿದೆ ಅಂತ ಪೇಪರಲ್ಲೇ ಹೇಳಬೇಕು. ಬರೀ ಫೋಟೋ ಟೈಪ್ ಆಗಲ್ಲ, ಮನೇಲಿ ಕುಂಡದಲ್ಲಿರೋ ಜೀವಂತ ಗಿಡನೂ ಆಗಲ್ಲ. ನಮ್ಮ ದೇಶದ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಹೊಸದು ಕಂಡುಹಿಡಿದ್ರೆ ಗೊತ್ತುಮಾಡಿದ ಸಂಸ್ಥೆಗೆ ತಿಳಿಸಿ ಅಲ್ಲಿ ಸ್ಪೆಸಿಮನ್ ಇಡಲೇಬೇಕು. ಅರಣ್ಯ ಇಲಾಖೆ ಜಾಗಕ್ಕೆ ಕಾಲಿಟ್ಟು ಕೀಳೋದಾದ್ರೆ ಮೊದಲು ಅನುಮತಿ ತಗೊಳ್ಳಿ, ಹೊರದೇಶದವರು ಯಾರಾದ್ರೂ ಗಿಡ ಕಳಿಸಿ ನಾವು ನೋಡ್ತೀವಿ ಅಂತ ಮೆಸೇಜ್ ಮಾಡಿದ್ರೆ ಕಳಿಸಬೇಡಿ.

ಹೊಸದು ಸಿಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಬಾದಾಮಿ ಬಂಡೆಗಳ ಮೇಲಿನ ಪೋರ್ಚುಲಾಕ ಬಾದಾಮಿಕ ಇದೆಯಲ್ಲ, ನಾವು ಸಾರು ಮಾಡೋ ಗೋಣಿಸೊಪ್ಪಿನ ಜೀನಸ್ಸೇ, ಮೊನ್ನೆ ಮೊನ್ನೆ ಹೆಸರು ಸಿಕ್ಕಿದ್ದು. ಅಷ್ಟೊಂದು ಜನ ಗುಹೆ ನೋಡೋಕೆ ಓಡಾಡೋ ಊರಲ್ಲಿ! ಆ ಜೀನಸ್ಸಲ್ಲಿ ಬೀಜದ ಮೇಲ್ಮೈಯನ್ನೂ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ನೋಡಿ ಬೇರ್ಪಡಿಸ್ತಾರೆ, ಬರಿಗಣ್ಣಿಗೆ ಆ ವ್ಯತ್ಯಾಸ ಕಾಣಲ್ಲ.

ಬಾಲ್ಕನಿ ಸಕ್ಯುಲೆಂಟ್:
ನಿಮ್ಮ ಹತ್ರದ ಕಾಲೇಜಿನ ಬಾಟನಿ ವಿಭಾಗದಲ್ಲಿ ಟ್ಯಾಕ್ಸಾನಮಿ (ಗಿಡ ಗುರುತಿಸಿ ವರ್ಗೀಕರಿಸೋ ಕೆಲಸ) ಮಾಡೋರು ಯಾರಿದ್ದಾರೆ ವಿಚಾರಿಸಿ. ಪೇಪರ್ ಬರೆಯೋ ಹಾಗಾದ್ರೆ ನಿಮ್ಮ ಹೆಸರು ಲೇಖಕರ ಜೊತೆ ಇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ, ಗುಡ್ಡ ಕಾಯ್ತಿರೋರು ನೀವು.

ಬಂಡೆಹಾದಿ:
ಸರಿ, ವಾಟ್ಸಾಪ್ ಗ್ರೂಪಿಂದ ಜಾಗ ಗೊತ್ತಾಗೋ ಫೋಟೋ ಈಗಲೇ ಡಿಲೀಟ್ ಮಾಡಿದೆ. ಹೊಸದೋ ಹಳೇದೋ ಆಮೇಲೆ, ಮಧ್ಯದ ಗಿಡ ಇದೆಯಾ ಅಂತ ಪೂರ್ತಿ ಗುಡ್ಡ ನೋಡಬೇಕು ಅಂತ ಆಸೆ ಆಗ್ತಿದೆ. ಹೋಲಿಸೋಕೆ ಯಾವ ಪುಸ್ತಕ ನೋಡಲಿ, ಹಳೇ ಸ್ಪೆಸಿಮನ್ ಎಲ್ಲಿ ನೋಡೋಕೆ ಸಿಗುತ್ತೆ?

ಹರ್ಬೇರಿಯಂ ಹಾಳೆ:
ನಿಮ್ಮ ಸೀಮೆ ಹಳೇ ಮೈಸೂರು ಸಂಸ್ಥಾನದ್ದು, ಪಕ್ಕದ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಹಾಗಾಗಿ ಗ್ಯಾಂಬಲ್ ಬರೆದ ಮದ್ರಾಸ್ ಪ್ರಾಂತ್ಯದ ಫ್ಲೋರಾ (ಒಂದು ಸೀಮೆಯ ಗಿಡಗಳ ವರ್ಣನೆ ಇರೋ ಪುಸ್ತಕ) ನೋಡಿ, ಧಾರವಾಡ ವಿಜಯಪುರ ಕಡೆಗೆ ಆಗಿದ್ರೆ ಕುಕ್ ಬರೆದ ಬಾಂಬೆಯದ್ದು. ಗ್ರೇವ್ಲಿ-ಮಯೂರನಾಥನ್ ಬುಲೆಟಿನ್ ಅಂತೂ ಬೇಕೇ ಬೇಕು. ವಾಲಿಚ್, ವೈಟ್ ಕಾಲದ ಸ್ಪೆಸಿಮನ್‌ಗಳು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಹರ್ಬೇರಿಯಂನಲ್ಲಿವೆ, ಬಹಳಷ್ಟು ಸ್ಕ್ಯಾನ್ ಆಗಿ ಆನ್‌ಲೈನ್ ಸಿಗ್ತವೆ. ಬೆಂಗಳೂರಿಗೆ ಬಂದ್ರೆ ಐಐಎಸ್‌ಸಿಯ ಜೆಸಿಬಿ ಹರ್ಬೇರಿಯಂಗೆ ಮೊದಲೇ ಬರೆದು ಅನುಮತಿ ಕೇಳಿ ಹೋಗಿ, ಬರುವಾಗ ಆಲ್ಕೋಹಾಲಲ್ಲಿಟ್ಟ ಹೂವು ತನ್ನಿ, ಕೂದಲಿರೋದು ಒಂದು ಬಾಟಲಿ, ಇಲ್ಲದ್ದು ಒಂದು, ಲೇಬಲ್ಲು ಪೆನ್ಸಿಲ್ಲಲ್ಲಿ ಬರೆದು ಒಳಗೇ ಹಾಕಿ, ಪೆನ್ನಿನ ಶಾಯಿ ಕರಗಿಬಿಡುತ್ತೆ.