ಪದಚರ್ಚೆ: ‘ಸೆಲ್ಫನ್ನು ಹನ್ನೆರಡಕ್ಕೆ ಮಾಡಿಸುವುದು’ ಎಂಬ ಮಾತಿಗೆ ಬರಹದಲ್ಲಿ ಯಾವ ಪದ?

ಮಾನ್ಯರೇ,

ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆಯ ತೋಟಗಳಲ್ಲಿ ಇನ್ನೂ ಓಡುವ ಸ್ಥಿತಿಯಲ್ಲಿರುವ ಹಳೆಯ ಜೀಪು ಮತ್ತು ಕಾರುಗಳ ವಿದ್ಯುತ್ ವ್ಯವಸ್ಥೆಯ ಬಗ್ಗೆ, ಅವುಗಳ ಮಾಲೀಕರಿಗೂ ಶಿವಮೊಗ್ಗದ ಗ್ಯಾರೇಜುಗಳಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೂ ಅರ್ಥವಾಗುವಂತೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಇಂಜಿನನ್ನು ಚಾಲೂ ಮಾಡುವ ಸ್ಟಾರ್ಟರ್ ಮೋಟರನ್ನು (ಆಡುಮಾತಿನ ‘ಸೆಲ್ಫ್’) 6 ವೋಲ್ಟಿನಿಂದ 12 ವೋಲ್ಟಿಗೆ ಒಗ್ಗಿಸುವ ಅಧ್ಯಾಯದಲ್ಲಿ ಕೆಲವು ಪದಗಳ ವಿಷಯವಾಗಿ ಬಳಗದವರ ಸಲಹೆ ಬೇಕಾಗಿದೆ.

ಮೋಟರಿನ ಹೆಸರಿನ ಬಗ್ಗೆ ನನಗೆ ಗೊಂದಲವಿಲ್ಲ. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿತು. ಇಂಜಿನ್ ತಾನಾಗಿಯೇ ಚಾಲೂ ಆಗುತ್ತದೆ ಎಂಬ ಅರ್ಥದ ‘ಸೆಲ್ಫ್’ ನಮ್ಮಲ್ಲಿ ಚಾಲಕರಿಂದ ಹಿಡಿದು ತೋಟದ ಯಜಮಾನರವರೆಗೆ ಎಲ್ಲರ ಬಾಯಲ್ಲೂ ಇದೆ. ‘ಸೆಲ್ಫ್ ಹೊಡಿ’, ‘ಸೆಲ್ಫ್ ಎತ್ತುತ್ತಿಲ್ಲ’ ಎಂಬ ಮಾತುಗಳಿರುವಾಗ ‘ಪ್ರಾರಂಭಕ ಯಂತ್ರ’ ಎಂದು ಬರೆದು ಓದುಗರನ್ನು ದೂರ ಮಾಡಲಾರೆ.

ತೊಡಕಿರುವುದು ಕೆಲಸದ ಹೆಸರಿನಲ್ಲಿ. ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪು 6 ವೋಲ್ಟಿನದು. ಅಮೆರಿಕದ ಷೆವ್ರೊಲೆ ಕಾರುಗಳು 1955ರಲ್ಲಿ, ಫೋರ್ಡ್ ಕಾರುಗಳು 1956ರಲ್ಲಿ 12 ವೋಲ್ಟಿಗೆ ಬದಲಾದವು. ಅದಕ್ಕೂ ಹಿಂದಿನ ಇಂಥ ಗಾಡಿಗಳನ್ನು 12 ವೋಲ್ಟಿಗೆ ಬದಲಿಸಿಕೊಳ್ಳಲು ಮಲೆನಾಡಿನಲ್ಲಿ ಗಟ್ಟಿಯಾದ ಕಾರಣವೊಂದಿದೆ. ಮಳೆಗಾಲದ ತೇವಕ್ಕೆ ಬ್ಯಾಟರಿಯ ಕೊನೆಗಳಲ್ಲಿ ಕಿಲುಬು, ಅರ್ತ್ ಜಾಗದಲ್ಲಿ (ಬ್ಯಾಟರಿಯ ತಂತಿಯನ್ನು ಗಾಡಿಯ ಲೋಹದ ಮೈಗೆ ಬಿಗಿದಿರುವಲ್ಲಿ) ತುಕ್ಕು ಹಿಡಿದು ಅಲ್ಲಲ್ಲಿ ವೋಲ್ಟೇಜ್ ಸೋರಿಹೋಗುತ್ತದೆ. ಅಷ್ಟೇ ಶಕ್ತಿಯ ಕೆಲಸಕ್ಕೆ 12 ವೋಲ್ಟಿನಲ್ಲಿ ಅರ್ಧದಷ್ಟೇ ಪ್ರವಾಹ (ಆಂಪಿಯರ್) ಸಾಕಾಗುವುದರಿಂದ ಅದೇ ಕಿಲುಬಿನಲ್ಲಿ ಆಗುವ ನಷ್ಟದ ಪಾಲು ನಾಲ್ಕನೇ ಒಂದಕ್ಕೆ ಇಳಿಯುತ್ತದೆ.

ಹೀಗೆ ಬದಲಿಸುವ ಕೆಲಸವನ್ನೆಲ್ಲ ಸೇರಿಸಿ ಗ್ಯಾರೇಜಿನಲ್ಲಿ ‘ಗಾಡಿಯನ್ನು ಹನ್ನೆರಡಕ್ಕೆ ಮಾಡಿಸಿದೆ’ ಎನ್ನುತ್ತಾರೆ. ಸೆಲ್ಫಿನ ಮಟ್ಟಿಗೆ ಈ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಕೆಲಸಗಳು ಅಡಗಿವೆ. ಮೋಟರನ್ನು ಮುಟ್ಟದೆ ಅದಕ್ಕೆ 12 ವೋಲ್ಟಿನ ಬ್ಯಾಟರಿಯನ್ನು ಕೊಡುವುದು ಮೊದಲನೆಯದು. ಕೆಲವೇ ಸೆಕೆಂಡು ತಿರುಗುವ ಮೋಟರಾದ್ದರಿಂದ ಅದು ಸುಡದೆ ಉಳಿಯಬಹುದು. ಆದರೆ ಬೆಂಡಿಕ್ಸ್ (ಮೋಟರಿನ ತುದಿಯಲ್ಲಿ ಮುಂದೆ ಸರಿಯುವ ಹಲ್ಲುಗಾಲಿ) ಜೋರಾಗಿ ಮುನ್ನುಗ್ಗಿ ಇಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿನ ಹಲ್ಲುಗಳಿಗೆ ಬಡಿಯುವುದರಿಂದ ಕ್ರಮೇಣ ಹಲ್ಲು ಮುರಿಯುತ್ತದೆ. ಎರಡನೆಯದು, ಮೋಟರಿನೊಳಗೆ ಕಾಂತಬಲ ಹುಟ್ಟಿಸುವ ನಾಲ್ಕು ಫೀಲ್ಡ್ ಕಾಯಿಲುಗಳ (ತಾಮ್ರದ ಸುರುಳಿಗಳ) ಸಂಪರ್ಕವನ್ನು ಮಾತ್ರ ಬದಲಿಸುವುದು: ಎರಡೆರಡರ ಎರಡು ಕವಲುಗಳಾಗಿ ಇದ್ದವನ್ನು ಒಂದರ ಹಿಂದೆ ಒಂದರಂತೆ ನಾಲ್ಕನ್ನೂ ಒಂದೇ ಸಾಲಿಗೆ ತರುವುದು. ಮೂರನೆಯದು, ಹಳೆಯ ಕಾಯಿಲುಗಳನ್ನು ಬಿಚ್ಚಿ, ಅರ್ಧದಷ್ಟು ಅಡ್ಡಕೊಯ್ತದ ತಾಮ್ರವನ್ನು ಇಮ್ಮಡಿ ಸಲ ಸುತ್ತಿ ಹೊಸದಾಗಿ ಕಟ್ಟುವುದು. ಹೀಗೆ ಕಟ್ಟಿದ ಕಾಯಿಲು ಅರ್ಧ ಪ್ರವಾಹದಲ್ಲೇ ಮೊದಲಿನಷ್ಟು ಕಾಂತಬಲವನ್ನು ಕೊಡುತ್ತದೆ.

ಮೂರರ ಖರ್ಚು ಬೇರೆ, ಬಾಳಿಕೆಯೂ ಬೇರೆ. ಮೂರಕ್ಕೂ ‘ಪರಿವರ್ತನೆ’ ಎಂದೇ ಬರೆದರೆ, ಗಾಡಿ ಕೊಳ್ಳಲು ಬಂದವರು ಮಾಲೀಕರನ್ನು ಏನೆಂದು ಕೇಳಿ ತಿಳಿಯಬೇಕು? ಮೊದಲನೆಯದಕ್ಕೆ ಪರಿವರ್ತನೆ ಎಂಬ ಮಾತೇ ಸಲ್ಲದು ಎಂಬುದು ನನ್ನ ದೃಢ ಅಭಿಪ್ರಾಯ. ಅಲ್ಲಿ ಬದಲಾಗಿರುವುದು ಬ್ಯಾಟರಿಯೇ ಹೊರತು ಮೋಟರಲ್ಲ. ಅದನ್ನು ‘ನೇರ ಕೊಡುವುದು’ ಎಂದು ಬರೆದಿದ್ದೇನೆ. ಎರಡನೆಯದಕ್ಕೆ ‘ಮರುಜೋಡಣೆ’ ಎಂದು ಬರೆದು ಹೊಡೆದುಹಾಕಿದೆ, ಏಕೆಂದರೆ ಬಿಚ್ಚಿದ ಮೋಟರನ್ನು ಮತ್ತೆ ಕೂಡಿಸುವುದಕ್ಕೂ ಅದೇ ಪದ ಬೇಕಾಗುತ್ತದೆ. ಪ್ರೌಢಶಾಲೆಯ ವಿಜ್ಞಾನ ಪಠ್ಯದಲ್ಲಿರುವ ‘ಸರಣಿ ಜೋಡಣೆ’, ‘ಸಮಾಂತರ ಜೋಡಣೆ’ ಎಂಬ ಪದಗಳು ಕಲಿಯುವ ಹುಡುಗರಿಗೆ ಪರಿಚಿತವಾದ್ದರಿಂದ, ಸದ್ಯಕ್ಕೆ ‘ಸರಣಿಗೆ ತರುವುದು’ ಎಂದು ಇಟ್ಟಿದ್ದೇನೆ. ಮೂರನೆಯದಕ್ಕೆ ‘ಕಟ್ಟುವುದು’ ಎಂಬ ಕ್ರಿಯಾಪದವೇ ಸಾಕೆನಿಸುತ್ತದೆ. ಅಂಗಡಿಯ ಬೋರ್ಡಿನ ಮೇಲೆ ‘ಮೋಟರ್ ರೀವೈಂಡಿಂಗ್’ ಎಂದಿದ್ದರೂ ಒಳಗೆ ಕೂತವರು ಕಾಯಿಲು ಕಟ್ಟುತ್ತಾರೆ. ಪಂಪ್‌ಸೆಟ್ ಸುಟ್ಟಾಗ ರೈತರು ಬಳಸುವ ಮಾತಿಗೂ ಇದು ಹತ್ತಿರ. ‘ಪುನರ್ವಲಯನ’ದಂಥ ಹೊಸ ಸಂಸ್ಕೃತ ಪದವನ್ನು ಟಂಕಿಸುವ ಅಗತ್ಯ ನನಗಂತೂ ಕಾಣುತ್ತಿಲ್ಲ.

ಇದಕ್ಕಿಂತ ಹೆಚ್ಚು ಕಾಡುತ್ತಿರುವ ಪದ ‘ಸುತ್ತು’. ಕಾಯಿಲಿನಲ್ಲಿ ತಾಮ್ರದ ಪಟ್ಟಿ ಎಷ್ಟು ಸಲ ಸುತ್ತಿದೆ ಎಂಬುದೂ ಸುತ್ತು. ನಿಮಿಷಕ್ಕೆ ಮೋಟರಿನ ಶಾಫ್ಟು ಎಷ್ಟು ಸಲ ತಿರುಗುತ್ತದೆ ಎಂಬುದೂ ಸುತ್ತು. ಸೆಲ್ಫಿನಲ್ಲಿ ಫೀಲ್ಡ್ ಕಾಯಿಲು ಮತ್ತು ಆರ್ಮೇಚರ್ (ಶಾಫ್ಟಿನೊಂದಿಗೆ ತಿರುಗುವ ಭಾಗ) ಎರಡರಲ್ಲೂ ಒಂದೇ ಪ್ರವಾಹ ಹರಿಯುವುದರಿಂದ, ಫೀಲ್ಡಿನ ಸುತ್ತು ಹೆಚ್ಚಾದಷ್ಟೂ ಅದೇ ವೋಲ್ಟೇಜಿನಲ್ಲಿ ಶಾಫ್ಟಿನ ಸುತ್ತು ಕಡಿಮೆಯಾಗುತ್ತದೆ. ‘ಸುತ್ತು ಹೆಚ್ಚಿಸಿದರೆ ಸುತ್ತು ಇಳಿಯುತ್ತದೆ’ ಎಂದು ಬರೆದರೆ ಸರಿಯಾದ ವಾಕ್ಯವೇ ಒಗಟಾಗುತ್ತದೆ. ಸುರಕ್ಷತೆಯ ಮಾತು ಬರೆಯುವಾಗ ಇದು ಇನ್ನೂ ಗಂಭೀರ: ಇಂಥ ಮೋಟರನ್ನು ಗಾಡಿಯಿಂದ ಇಳಿಸಿ, ಯಾವ ಭಾರವೂ ಇಲ್ಲದೆ ಮೇಜಿನ ಮೇಲೆ 12 ವೋಲ್ಟ್ ಕೊಟ್ಟು ಹಾಗೇ ಬಿಟ್ಟರೆ ಅದರ ವೇಗ ಅಪಾಯದ ಮಟ್ಟಕ್ಕೆ ಏರುತ್ತದೆ. ಅಲ್ಲಿ ‘ಸುತ್ತು ಗಮನಿಸಿ’ ಎಂದರೆ ಓದುವ ಹುಡುಗ ತಾಮ್ರವನ್ನು ಎಣಿಸಬಾರದು. ಶಾಫ್ಟಿಗೆ ‘ತಿರುಗು’, ಕಾಯಿಲಿಗೆ ‘ಸುತ್ತು’ ಎಂದು ಬೇರ್ಪಡಿಸಿದರೆ ಹೇಗೆ? ‘ನಿಮಿಷಕ್ಕೆ ಇಷ್ಟು ತಿರುಗು’ ಎಂದು ನಾಮಪದವಾಗಿ ಬಳಸುವುದು ಕಿವಿಗೆ ಹೊಂದುತ್ತದೆಯೇ? ‘ತಿರುಗುವಿಕೆ’ ಉದ್ದವಾಯಿತು, ‘ಆವರ್ತ’ ಎಂದರೆ ಪುಸ್ತಕದ ಭಾಷೆಯಾಯಿತು.

ಇನ್ನು ‘ಕರೆಂಟ್’. ನಮ್ಮಲ್ಲಿ ಮನೆಯ ದೀಪ ಹೋದರೂ ‘ಕರೆಂಟ್ ಹೋಯಿತು’, ಬ್ಯಾಟರಿ ಸೋತರೂ ‘ಕರೆಂಟ್ ಇಲ್ಲ’. ಆದ್ದರಿಂದ ‘6ರಿಂದ 12ಕ್ಕೆ ಕರೆಂಟ್ ಜಾಸ್ತಿ ಮಾಡುವುದು’ ಎಂಬ ಮಾತು ಸಹಜವಾಗಿ ಬರುತ್ತದೆ. ಆದರೆ ಸರಿಯಾಗಿ ಕಟ್ಟಿದ ಸೆಲ್ಫಿನಲ್ಲಿ ಆಗುವುದು ಅದಕ್ಕೆ ವಿರುದ್ಧ: 1 ಕಿಲೋವ್ಯಾಟ್ ಎಳೆಯುವ ಮೋಟರಿಗೆ 6 ವೋಲ್ಟಿನಲ್ಲಿ ಸುಮಾರು 167 ಆಂಪಿಯರ್ ಬೇಕಾದರೆ, 12 ವೋಲ್ಟಿನಲ್ಲಿ ಸುಮಾರು 83 ಸಾಕು. ಬದಲಿಸದೆ ಬಿಟ್ಟ ಸೊಲೆನಾಯ್ಡಿನ (ಸೆಲ್ಫಿಗೆ ಪ್ರವಾಹ ಬಿಡುವ ವಿದ್ಯುತ್ಕಾಂತದ ಸ್ವಿಚ್ಚಿನ) ಕಾಯಿಲಿನಲ್ಲಿ ಮಾತ್ರ ವೋಲ್ಟೇಜ್ ಇಮ್ಮಡಿಯಾದರೆ ಪ್ರವಾಹವೂ ಇಮ್ಮಡಿಯಾಗಿ, ಶಾಖ ನಾಲ್ಕು ಪಟ್ಟಾಗುತ್ತದೆ. (ಕಾಲಿನಿಂದ ಒತ್ತುವ ಸ್ವಿಚ್ಚಿರುವ ಯುದ್ಧಕಾಲದ ಜೀಪಿನಲ್ಲಿ ಆ ಕಾಯಿಲೇ ಇಲ್ಲವಾದ್ದರಿಂದ ಈ ತೊಂದರೆಯಿಲ್ಲ.) ಹೀಗೆ ಒಂದೆಡೆ ಇಳಿಯುವುದನ್ನೂ ಇನ್ನೊಂದೆಡೆ ಏರುವುದನ್ನೂ ಒಂದೇ ಪುಟದಲ್ಲಿ ವಿವರಿಸಬೇಕಾದಾಗ ‘ಕರೆಂಟ್’ ಕೈಕೊಡುತ್ತದೆ. ಪಠ್ಯದ ‘ವಿಭವಾಂತರ’ ನಿಖರವಾದರೂ ಗ್ಯಾರೇಜಿನಲ್ಲಿ ಯಾರೂ ಆಡುವುದಿಲ್ಲ. ‘ಒತ್ತಡ’ ಎಂದರೆ ಟೈರಿನ ಗಾಳಿಯ ನೆನಪು ಬರುತ್ತದೆ. ಆದ್ದರಿಂದ ‘ವೋಲ್ಟೇಜ್’ ಎಂಬುದನ್ನು ಹಾಗೆಯೇ ಉಳಿಸಿಕೊಂಡು, ಆಂಪಿಯರಿನಲ್ಲಿ ಅಳೆಯುವುದಕ್ಕೆ ‘ಪ್ರವಾಹ’ ಎಂದು ಬರೆದು, ‘ಕರೆಂಟ್’ ಪದವನ್ನು ಇಡೀ ಅಧ್ಯಾಯದಿಂದ ಕೈಬಿಟ್ಟಿದ್ದೇನೆ.

ಬಲ್ಲವರಲ್ಲಿ ನನ್ನ ವಿನಂತಿ ಇಷ್ಟು. ‘ಸರಣಿಗೆ ತರುವುದು’ ಎಂಬುದಕ್ಕೆ ಸಾಗರ, ಶಿಕಾರಿಪುರ, ಭದ್ರಾವತಿಯ ಕಡೆಯ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಬೇರೆ ಮಾತಿದ್ದರೆ, ಅದನ್ನು ಬಳಸುವ ವಾಕ್ಯದ ಸಮೇತ ತಿಳಿಸಿ. ಶಾಫ್ಟಿನ ತಿರುಗುವಿಕೆಗೆ ಎಣಿಕೆಯ ಜೊತೆ ನಿಲ್ಲಬಲ್ಲ ಚಿಕ್ಕ ನಾಮಪದವೊಂದು ರಾಟೆ, ಗಾಣ, ಅಕ್ಕಿ ಗಿರಣಿಯ ಮಾತಿನಲ್ಲಿ ಬಳಕೆಯಲ್ಲಿದ್ದುದು ನಿಮಗೆ ಗೊತ್ತಿದ್ದರೆ ಅದನ್ನೂ ದಯವಿಟ್ಟು ಬರೆಯಿರಿ.